ನಾನು ತೆರೆದ ವಾಲ್ವ್

ಡಬ್ಬದ ಮುಚ್ಚಳ ತಿರುಗಿಸಿ ತೆಗೆದ ಕೂಡಲೇ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಒಣ ವಾಸನೆ, ಗಂಟಲು ಕೆರೆಯುವಂಥದ್ದು. ಡಲ್ಲಾಸ್ ಪಕ್ಕದ ಲಿಟಲ್ ಎಲ್ಮ್‌ನಲ್ಲಿ ಡಾಕ್ಟರ್ ದೇಸಾಯಿಯವರ ಮಗಳ ಮನೆಯ ಗ್ಯಾರೇಜಿನೊಳಗೆ, ಮಕ್ಕಳ ಎರಡು ಸೈಕಲ್ಲಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ನಡುವೆ, ನಾನು ಮಂಡಿಯೂರಿ ಕೂತಿದ್ದೆ. ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ತುಂಬಿದ ಸುಣ್ಣ ಹಾಗೆಯೇ ಒಳಗೆ ಗಟ್ಟಿಯಾಗಿ ಕೂತಿತ್ತು. ಆ ದಿನದ ನಂತರ ಅವರ ಡೈವಿಂಗ್ ಮಷಿನ್ನನ್ನು ಯಾರೂ ಬಿಚ್ಚಿರಲಿಲ್ಲ.

"ಮಷಿನ್ ತಗೊಂಡು ಹೋಗು ತಂಗಿ, ಇಲ್ಲಿ ಜಾಗಾ ಇಲ್ಲ" ಎಂದು ಅವರೇ ಫೋನ್ ಮಾಡಿದ್ದರು. ಅಷ್ಟು ಕಾಲದಲ್ಲಿ ಅವರಾಗಿ ಮಾಡಿದ ಮೊದಲ ಫೋನ್ ಅದು. ರೌಂಡ್ ರಾಕ್‌ನಿಂದ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಬರುವಾಗ, ಅವರಿಗೆ ಹೇಳಬೇಕಾದ ಒಂದು ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬಂದ ಮೇಲೆ ಬಾಯಿಂದ ಹೊರಟದ್ದು "ಇವತ್ತು ಟ್ರಾಫಿಕ್ ಜಾಸ್ತಿ ಇರಲಿಲ್ಲ" ಅಂತ. ಅವರು ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ನಾನು ಸುಣ್ಣ ಕೆರೆದು ತೆಗೆಯುವುದನ್ನು ನೋಡುತ್ತಿದ್ದರು.

ನಾವಿಬ್ಬರೂ ಜೊತೆಯಾಗಿ ನೀರಿಗಿಳಿದದ್ದು ಒಂದೇ ಒಂದು ಬೇಸಿಗೆ. ಟೆಕ್ಸಸ್‌ನ ಬೇಸಿಗೆ ಅಂದರೆ ಏಪ್ರಿಲ್‌ನಲ್ಲಿ ಹಿಡಿದು ಅಕ್ಟೋಬರ್ ಬಂದರೂ ಬಿಡದ ಬೇಸಿಗೆ. ಅದನ್ನು ಬೇಕಾದಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಅದೇ ವಾಲ್ವಿನ ಹತ್ತಿರ ಬಂದು ನಿಲ್ಲುತ್ತೇನೆ.

ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದು ಗಂಟೆಯ ದಾರಿಯಲ್ಲಿ ಒಂದು ಹಳೆಯ ಕಲ್ಲುಗಣಿ ಇದೆ. ಕಲ್ಲು ತೆಗೆಯುವುದು ನಿಂತ ಮೇಲೆ ಅದರಲ್ಲಿ ನೀರು ತುಂಬಿತು. ಯಾರೋ ಅದನ್ನು ಕೊಂಡು, ಒಂದು ಸ್ಕೂಲ್ ಬಸ್ಸು, ರೆಕ್ಕೆ ಮುರಿದ ಒಂದು ಪುಟ್ಟ ವಿಮಾನ ಮುಳುಗಿಸಿ, ಡೈವಿಂಗ್ ಕಲಿಯುವವರಿಗೆ ತೆರೆದುಬಿಟ್ಟರು. ಆ ಏಪ್ರಿಲ್‌ನ ಒಂದು ಶನಿವಾರ ನಾನು ಗಣಿಯ ದಂಡೆಯಲ್ಲಿ, ಅರ್ಧ ರಬ್ಬರ್ ಸೂಟು ಏರಿಸಿಕೊಂಡು, ಮೈಸೂರಿನಲ್ಲಿದ್ದ ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದೆ. ಎಲ್ಲಿದ್ದೀಯ ಎಂದು ಅಮ್ಮ ಕೇಳಿದಾಗ, ಮಕ್ಕಳನ್ನು ಪಾರ್ಕಿಗೆ ಕರೆತಂದಿದ್ದೇನೆ ಎಂದೆ. ಫೋನ್ ಇಟ್ಟ ಮೇಲೆ ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ಪಾರ್ಕಿನಾಗ ಇಷ್ಟು ನೀರು ಎಲ್ಲಿಂದ ಬಂತ್ರಿ?"

ತಿರುಗಿ ನೋಡಿದರೆ ಅರವತ್ತರ ಹತ್ತಿರದ, ಬೆಳ್ಳಿ ಮೀಸೆಯ ಮನುಷ್ಯ, ಬೆನ್ನಿಗೆ ನನ್ನದರಂಥದ್ದೇ ಮಷಿನ್ ಕಟ್ಟಿಕೊಂಡು ನಿಂತಿದ್ದರು. ಧಾರವಾಡದವರು, ಹ್ಯೂಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಈಜು ಕಲಿತದ್ದೇ ನಲವತ್ತು ದಾಟಿದ ಮೇಲೆ ಎಂದು ಅವರು ಜಂಬದಿಂದ ಹೇಳಿಕೊಂಡರು. ಅರ್ಧ ಗಂಟೆಯೊಳಗೆ ನಾನು ತಂಗಿಯಾಗಿಬಿಟ್ಟೆ. ಅವರ ಹೆಂಡತಿಯನ್ನು ವೈನಿ ಎಂದು ಕರೆಯಬೇಕೆಂದೂ ಅವತ್ತೇ ತೀರ್ಮಾನವಾಯಿತು.

ಆ ಮಷಿನ್ನಿಗೆ ರೀಬ್ರೀದರ್ ಅನ್ನುತ್ತಾರೆ. ಮಾಮೂಲಿ ಸ್ಕೂಬಾದಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ಮೇಲಕ್ಕೆ ಹೋಗುತ್ತದೆ. ಇದರಲ್ಲಿ ಅದು ವ್ಯರ್ಥವಾಗುವುದಿಲ್ಲ. ಸುಣ್ಣದ ಡಬ್ಬದೊಳಗೆ ಹಾದು, ಕೆಟ್ಟ ಗಾಳಿ ಕಳೆದುಕೊಂಡು, ಸಣ್ಣ ಸಿಲಿಂಡರಿನಿಂದ ಚೂರುಚೂರೇ ಆಕ್ಸಿಜನ್ ಸೇರಿಸಿಕೊಂಡು ಮತ್ತೆ ಬಾಯಿಗೇ ಬರುತ್ತದೆ. ಗುಳ್ಳೆ ಇಲ್ಲ, ಸದ್ದಿಲ್ಲ. ಮೀನುಗಳು ಹೆದರದೆ ಮುಖದ ಹತ್ತಿರ ಬರುತ್ತವೆ. ಆದರೆ ಆ ಸಿಲಿಂಡರಿನ ವಾಲ್ವ್ ಮುಚ್ಚಿದ್ದರೆ ಉಸಿರಾಡುತ್ತಲೇ ಇರುತ್ತೀರಿ, ಆಕ್ಸಿಜನ್ ಮಾತ್ರ ಇಳಿಯುತ್ತಾ ಹೋಗುತ್ತದೆ. ಉಸಿರು ಕಟ್ಟುವುದಿಲ್ಲ, ಸಂಕಟವಾಗುವುದಿಲ್ಲ. ಸುಮ್ಮನೆ ನಿದ್ದೆ ಬಂದಂತೆ ಪ್ರಜ್ಞೆ ಹೋಗುತ್ತದೆ. ಡಾಕ್ಟರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಾ ದಿನಾ ಮಂದೀನ್ನ ಮಲಗಿಸೋ ಮಷಿನ್ನೂ ಹಿಂಗ ಅದ. ಸುಣ್ಣ, ಕೊಳವಿ, ಆಕ್ಸಿಜನ್. ಇಲ್ಲಿ ಮಲಗಬಾರದು, ಅಷ್ಟ ಫರಕು" ಎಂದು ಅವರು ನಕ್ಕಿದ್ದರು.

ಅವರಿಗೊಂದು ಆಸೆಯಿತ್ತು. ಟೆಕ್ಸಸ್ ಪಕ್ಕದ ಗಲ್ಫ್ ಸಮುದ್ರದಲ್ಲಿ, ದಂಡೆಯಿಂದ ದೋಣಿಯಲ್ಲಿ ಕೆಲವು ಗಂಟೆ ಹೋದರೆ, ನೂರಡಿ ಆಳದಲ್ಲಿ ಒಂದು ಸರಕಿನ ಹಡಗು ಮುಳುಗಿ ಮಲಗಿದೆ. ಅದರ ಚುಕ್ಕಾಣಿ ಹಿಡಿಯುವ ಕೋಣೆಯೊಳಗೆ ಹೋಗಿ ನಿಲ್ಲಬೇಕು, ಸದ್ದು ಮಾಡದೆ. ಜೀವಮಾನವಿಡೀ ಜನರನ್ನು ಮಲಗಿಸಿ ಎಬ್ಬಿಸಿದ್ದಾಯಿತು, ಎಬ್ಬಿಸಬೇಕಿಲ್ಲದ ಒಂದನ್ನಾದರೂ ನೋಡಬೇಕು ಅನ್ನುತ್ತಿದ್ದರು. ಅಕ್ಟೋಬರ್‌ಗೆಂದು ದೋಣಿ ಗೊತ್ತು ಮಾಡಿದೆವು. ಅಲ್ಲಿಯವರೆಗೆ ವಾರ ಬಿಟ್ಟು ವಾರ ಗಣಿಯಲ್ಲಿ ಅಭ್ಯಾಸ. ಅವರು ಹ್ಯೂಸ್ಟನ್‌ನಿಂದ ಬರುತ್ತಿದ್ದರು, ನಾನು ರೌಂಡ್ ರಾಕ್‌ನಿಂದ. ಶನಿವಾರದ ಹೊತ್ತಿಗೆ ನನ್ನ ಗಂಡನ ಮುಖ ಸಣ್ಣದಾಗುತ್ತಿತ್ತು, ಆದರೂ ಕಾಫಿ ಫ್ಲಾಸ್ಕ್ ತುಂಬಿ ಕೊಡುತ್ತಿದ್ದ.

ಈ ಮಷಿನ್ ಹಾಕಿಕೊಳ್ಳುವವರಲ್ಲಿ ಒಂದು ಪದ್ಧತಿಯಿದೆ. ನೀರಿಗಿಳಿಯುವ ಮುಂಚೆ ಒಬ್ಬರು ಕಾರ್ಡಿನ ಮೇಲಿನ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಉತ್ತರ ಹೇಳಬೇಕು. ಆಮೇಲೆ ಐದು ನಿಮಿಷ ಬೆಂಚಿನ ಮೇಲೆ ಕೂತು, ಮೂಗು ಮುಚ್ಚಿ, ಮಷಿನ್ನಿನಿಂದಲೇ ಉಸಿರಾಡಬೇಕು. ಜೊತೆಗಾರ ಅವರ ಕಣ್ಣುಗಳನ್ನೇ ನೋಡುತ್ತಾ ಕೂತಿರಬೇಕು. ಇನ್ನೊಂದು ನಿಯಮವೂ ಇದೆ. ಏನೇ ತಪ್ಪು ಕಂಡರೂ, ಯಾರದೇ ಆದರೂ, ಅಲ್ಲೇ ಬಾಯಿಬಿಟ್ಟು ಹೇಳಬೇಕು. ನಾವು ಪಟ್ಟಿಯನ್ನು ಕನ್ನಡದಲ್ಲೇ ಓದುತ್ತಿದ್ದೆವು. ಅವರು ಉತ್ತರ ಕೊಡುವ ಗತ್ತಿಗೆ ಪಕ್ಕದ ಬೆಂಚಿನ ಅಮೆರಿಕನ್ನರು ಇದು ಯಾವುದೋ ಪೂಜೆ ಇರಬೇಕೆಂದು ತೆಪ್ಪಗೆ ನಿಂತುಬಿಡುತ್ತಿದ್ದರು.

ಮೇ ತಿಂಗಳಿಡೀ ಎಲ್ಲ ಸರಿಯಾಗಿತ್ತು. ನೀರಿನ ಮೇಲುಭಾಗ ಬೆಚ್ಚಗೆ, ಮೂವತ್ತಡಿ ಇಳಿದರೆ ಮೂಳೆ ಕೊರೆಯುವಷ್ಟು ತಣ್ಣಗೆ. ಮಳೆ ಬಿದ್ದ ವಾರ ಗಣಿ ಹಾಲು ಹಾಕಿದ ಚಹಾದಂತಾಗುತ್ತಿತ್ತು. ಆಗ ಬಸ್ಸಿನ ಕಿಟಕಿಗಳನ್ನು ಕೈಯಿಂದ ತಡವಿಕೊಂಡೇ ಸಾಗುತ್ತಿದ್ದೆವು. ಮೇಲೆ ಬಂದ ಮೇಲೆ ಡಾಕ್ಟರು ತಮ್ಮ ಟ್ರಕ್ಕಿನ ಹಿಂದೆ ಒಂದು ಬೋಗುಣಿ ಇಟ್ಟುಕೊಂಡು ಗಿರ್ಮಿಟ್ ಕಲಸುತ್ತಿದ್ದರು. ಈರುಳ್ಳಿಯನ್ನು ಅವರು ಹೆಚ್ಚುತ್ತಿದ್ದ ನಾಜೂಕು ನೋಡಿದರೆ ಈ ಕೈಗಳು ಇನ್ನೂ ಇಪ್ಪತ್ತು ವರ್ಷ ನಡುಗಲಾರವು ಅನ್ನಿಸುತ್ತಿತ್ತು.

ಜೂನ್‌ನ ಒಂದು ಶನಿವಾರ, ಎಲ್ಲ ಮುಗಿಸಿ ನೀರಿನ ಕಡೆ ನಡೆಯುವಾಗ ನಾನು ಅವರ ಹಿಂದೆ ಇದ್ದೆ. ಮಷಿನ್ನಿನಲ್ಲಿ ಆಕ್ಸಿಜನ್ ಬಿಡುವಾಗ ಟಿಕ್ ಎಂದು, ಅದರ ಬೆನ್ನಿಗೇ ಸುಯ್ ಎಂದು ಸಣ್ಣ ಸದ್ದಾಗುತ್ತದೆ. ಟಿಕ್ ಕೇಳಿಸಿತು, ಸುಯ್ ಕೇಳಿಸಲಿಲ್ಲ. ಅವರ ಬಲಸೊಂಟದ ಹಿಂದೆ ತಲೆಕೆಳಗಾಗಿದ್ದ ಆಕ್ಸಿಜನ್ ವಾಲ್ವನ್ನು ಮುಟ್ಟಿ ನೋಡಿದೆ. ಮುಚ್ಚಿತ್ತು.

ಅಲ್ಲೇ ಹೇಳಬೇಕಿತ್ತು. ಸುತ್ತಲೂ ಕಲಿಯಲು ಬಂದ ಏಳೆಂಟು ಜನ, ಅವರಲ್ಲಿ ಇಬ್ಬರು ಡಾಕ್ಟರ ಆಸ್ಪತ್ರೆಯವರೇ. ಮೂವತ್ತೈದು ವರ್ಷ ಇದೇ ಕೆಲಸ ಮಾಡಿದ ಹಿರಿಯರಿಗೆ, ಅವರ ಕೈಕೆಳಗಿನವರ ಎದುರು, ನಿಮ್ಮ ಆಕ್ಸಿಜನ್ನೇ ಮುಚ್ಚಿದೆ ಎಂದು ಹೇಗೆ ಹೇಳುವುದು? ಸೊಂಟದ ಪಟ್ಟಿ ಸರಿಮಾಡುವ ನೆಪದಲ್ಲಿ ವಾಲ್ವನ್ನು ಪೂರ್ತಿ ತಿರುಗಿಸಿ ತೆರೆದೆ. ಅವರು ತಿರುಗಿ, ಏನಾಯಿತು ಎಂಬಂತೆ ಹುಬ್ಬೇರಿಸಿದರು. ಪಟ್ಟಿ ಸುತ್ತಿಕೊಂಡಿತ್ತು ಎಂದೆ. ಇಬ್ಬರೂ ನೀರಿಗಿಳಿದೆವು.

ಪಾಪ, ವಯಸ್ಸಾಯಿತು, ಮರೆವು ಶುರುವಾಗಿದೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಕಾರಿನಲ್ಲಿ ಮನೆಗೆ ಹೋಗುವಾಗ ಕಣ್ಣಲ್ಲಿ ನೀರೂ ಬಂತು. ನನ್ನ ಕೆಲಸ ಏನು ಗೊತ್ತೆ? ರೌಂಡ್ ರಾಕ್‌ನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಹೊಸ ಬೋರ್ಡುಗಳನ್ನು ಪರೀಕ್ಷೆ ಮಾಡಿ ತಪ್ಪು ಹುಡುಕುವುದು. ಯಾರು ಮಾಡಿದ ಬೋರ್ಡಾದರೂ ಮುಖಮೂತಿ ನೋಡದೆ ತಪ್ಪನ್ನು ಬರೆದು ಎಲ್ಲರಿಗೂ ಕಳಿಸುತ್ತೇನೆ. ಆ ಬುದ್ಧಿಯನ್ನು ಒಂದು ಚೂರು ಇಲ್ಲಿ ಉಪಯೋಗಿಸಿದ್ದರೆ ಸಾಕಿತ್ತು. ವಾಲ್ವ್ ತೆರೆಯುವುದನ್ನೇ ಅವರು ಮರೆತಿದ್ದರೆ, ಆ ಐದು ನಿಮಿಷ ಬೆಂಚಿನ ಮೇಲೆ ಉಸಿರಾಡುವಾಗ ಮಷಿನ್ನಿನ ಮೀಟರಿನಲ್ಲಿ ಆಕ್ಸಿಜನ್ನಿನ ಅಂಕಿ ಇಳಿಯಬೇಕಿತ್ತಲ್ಲ? ಇಳಿದಿರಲಿಲ್ಲ. ನಾನೇ ಎದುರಿಗೆ ಕೂತು ಅಂಕಿ ನೋಡಿದ್ದೆ. ಅದು ತೆರೆದಿತ್ತು, ಆಮೇಲೆ ಮುಚ್ಚಿತ್ತು. ಇಷ್ಟು ಸರಳವಾದದ್ದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಸದರಲ್ಲಿ ತಪ್ಪದೆ, ಕೈ ಪಳಗಿದ ಮೇಲೆ ಯಾಕೆ ತಪ್ಪು ಶುರುವಾಯಿತು ಎಂದೂ ಯೋಚಿಸಲಿಲ್ಲ.

ಜುಲೈನಲ್ಲಿ ಎರಡು ಸಲ, ಆಗಸ್ಟ್‌ನಲ್ಲಿ ಎರಡು ಸಲ, ಸೆಪ್ಟೆಂಬರ್‌ನಲ್ಲಿ ಮತ್ತೆರಡು ಸಲ. ಮೊದಲನೆಯದೂ ಸೇರಿ ಏಳು ಶನಿವಾರ ನಾನು ಆ ವಾಲ್ವನ್ನು ತೆರೆದೆ. ಒಮ್ಮೆ ಪಟ್ಟಿಯ ನೆಪ, ಒಮ್ಮೆ ಕೊಳವೆಯ ನೆಪ, ಒಮ್ಮೆ ಅವರ ಬೆನ್ನ ಮೇಲೆ ಕೂತ ಜೀರುಂಡೆಯ ನೆಪ. ನಾಲ್ಕನೇ ಸಲದ ಹೊತ್ತಿಗೆ ನನಗೆ ಭಯವೂ ಹೋಗಿತ್ತು. ಸಾರಿಗೆ ಉಪ್ಪು ಹಾಕಿದಂತೆ ಮಾಮೂಲಿಯಾಯಿತು. ನಿಜ ಹೇಳುತ್ತೇನೆ, ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ದೊಡ್ಡವರ ಮರ್ಯಾದೆ ಹೋಗದಂತೆ ನೋಡಿಕೊಳ್ಳುತ್ತಿದ್ದೇನೆ, ಅವರಿಗೆ ಗೊತ್ತೇ ಆಗದಂತೆ ಕಾಪಾಡುತ್ತಿದ್ದೇನೆ ಎಂದು. ಆ ಹೆಮ್ಮೆಯನ್ನು ನೆನೆಸಿಕೊಂಡರೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಕ್ಟೋಬರ್ ಬಂತು. ದೋಣಿ ಹೊರಡುವ ಹಿಂದಿನ ದಿನವೇ ಹ್ಯೂಸ್ಟನ್‌ನ ಅವರ ಮನೆಗೆ ಹೋಗಿ ಉಳಿದೆ. ವೈನಿ ರೊಟ್ಟಿ ಬಡಿದು ಕಟ್ಟಿಕೊಟ್ಟರು. ಬೆಳಕು ಹರಿಯುವಾಗ ದೋಣಿ ದಂಡೆ ಬಿಟ್ಟಿತು. ನನಗೆ ಎರಡು ದಿನದಿಂದ ನೆಗಡಿ. ಮೂಗು ಹಿಡಿದು ಎಷ್ಟು ಊದಿದರೂ ಬಲಗಿವಿ ಕಟ್ಟಿದ್ದು ಬಿಡಲಿಲ್ಲ. ಕಿವಿ ಬಿಡದೆ ನೂರಡಿ ಇಳಿದರೆ ತಮಟೆ ಹರಿಯುತ್ತದೆ. ನಾನು ಇಳಿಯುವುದಿಲ್ಲ ಎಂದೆ. ಡೈವಿಂಗ್‌ನಲ್ಲಿ ಹಾಗೆ ಹೇಳಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಡಾಕ್ಟರಿಗೆ ಜೊತೆಯಾಗಿ ದೋಣಿಯಲ್ಲಿದ್ದ ಮಾರ್ಕ್ ಎಂಬ ಶಾಲಾ ಮೇಷ್ಟ್ರು ಒಪ್ಪಿಕೊಂಡರು. ಒಳ್ಳೆಯ ಮನುಷ್ಯ, ಬಹಳ ಶಿಸ್ತಿನವರು.

ಅವರಿಬ್ಬರೂ ಕಾರ್ಡು ಓದುವುದನ್ನು ನಾನು ಮೂರು ಮಾರು ದೂರದಲ್ಲಿ ಕೂತು ನೋಡಿದೆ. ಈ ಸಲ ಇಂಗ್ಲಿಷಿನಲ್ಲಿ. ಡಾಕ್ಟರು ಪ್ರತಿಯೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಐದು ನಿಮಿಷ ಉಸಿರಾಡಿದ್ದೂ ಆಯಿತು. ಮಾರ್ಕ್ ತಮ್ಮ ಕಾಲಿನ ರೆಕ್ಕೆ ಹಾಕಿಕೊಳ್ಳಲು ಬಗ್ಗಿದಾಗ ನಾನು ಎದ್ದು ಹತ್ತಿರ ಹೋದೆ. ಅವರ ವಾಲ್ವನ್ನು ಒಂದು ಸಲ ನೋಡಿ ಎಂದು ಮಾರ್ಕ್‌ಗೆ ಹೇಳಬೇಕು, ಅಷ್ಟೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. ಅವರ ಮುಖದಲ್ಲಿದ್ದ ಖುಷಿ ನೋಡಿ ಬಾಯಿ ಕಟ್ಟಿತು. ನಾನೇ ಅವರ ಹಿಂದೆ ಹೋಗಿ ಮುಟ್ಟೋಣವೆಂದರೆ ದೋಣಿ ಹೊಯ್ದಾಡಿ, ನಾನು ಕಂಬ ಹಿಡಿದುಕೊಂಡೆ. ಅಷ್ಟರಲ್ಲಿ ಇಬ್ಬರೂ ಹಾರಿದ್ದರು.

ಮುಳುಗಿದ ಹಡಗಿಗೆ ಇಳಿಬಿಟ್ಟಿದ್ದ ಹಗ್ಗ ದೋಣಿಯ ಮುಂಭಾಗದಲ್ಲಿತ್ತು. ಅಲ್ಲಿಯವರೆಗೆ ನೀರಿನ ಮೇಲೇ ಅಲೆಗೆ ಎದುರಾಗಿ ಈಜಬೇಕು. ಮಾರ್ಕ್ ಮುಂದೆ, ಡಾಕ್ಟರು ಹಿಂದೆ. ಅವರ ಕೈ ಆಡುವುದು ನಿಧಾನವಾಯಿತು, ಆಮೇಲೆ ನಿಂತಿತು. ನಾನು ಕಿರುಚಿದೆ. ನಾನು ಬಾಯಿ ಬಿಟ್ಟದ್ದು ಆಗ.

ಮಾರ್ಕ್ ತಿರುಗಿ ಬಂದು ಹಿಡಿದರು. ದೋಣಿಯಲ್ಲಿದ್ದ ಇಬ್ಬರು ಸೇರಿ ಮೇಲಕ್ಕೆಳೆದಾಗ ಡಾಕ್ಟರ ತುಟಿ ನೀಲಿಯಾಗಿತ್ತು. ಪ್ರಜ್ಞೆ ಬೇಗ ಬಂತು, ಆದರೆ ಎದೆಗೆ ಸಮುದ್ರದ ನೀರು ಹೋಗಿತ್ತು. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ಮೂರು ದಿನದಲ್ಲಿ ಚೇತರಿಸಿಕೊಂಡರು. ಜೀವಕ್ಕೆ ಏನೂ ಆಗಲಿಲ್ಲ, ಕೈಕಾಲಿಗೂ ಏನೂ ಆಗಲಿಲ್ಲ. ವಾಲ್ವ್ ಮುಚ್ಚಿತ್ತು ಎಂದು ಮಾರ್ಕ್ ಹೇಳಿದರು. ತೆರೆದಿದೆ ಎಂದು ಡಾಕ್ಟರು ಹೇಳಿದ್ದನ್ನು ತಾವೇ ಕಿವಿಯಾರೆ ಕೇಳಿದ್ದಾಗಿಯೂ ನಾಲ್ಕು ಸಲ ಹೇಳಿದರು, ಪಾಪ, ತಪ್ಪೆಲ್ಲ ತನ್ನದೇ ಎನ್ನುವಂತೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ವೈನಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೀ ಜೋಡಿ ಇಳಿದಿದ್ರ ಹಿಂಗ ಆಗ್ತಿರಲಿಲ್ಲ ನೋಡವಾ" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ತಲೆ ತಗ್ಗಿಸಿಕೊಂಡು, ಅವರು ಅದನ್ನು ದುಃಖವೆಂದುಕೊಳ್ಳಲು ಬಿಟ್ಟೆ.

ಒಳಗೆ ಡಾಕ್ಟರು ಗೋಡೆ ನೋಡುತ್ತಾ ಮಲಗಿದ್ದರು. ವಾಲ್ವ್ ತೆರೆಯದೆಯೇ ತೆರೆದಿದೆ ಎಂದುಬಿಟ್ಟೆನಲ್ಲ ಎಂದು ಅವರು ತಮ್ಮೊಳಗೇ ತೀರ್ಪು ಕೊಟ್ಟುಕೊಂಡಿದ್ದರು. ನನ್ನನ್ನು ನೋಡಿ ಒಂದೇ ಮಾತು ಹೇಳಿದರು.

"ಆಕ್ಸಿಜನ್ ಬಿಡೂದು ಮರೆಯೋ ಮನಷ್ಯಾ ಪೇಷಂಟ್ ಮುಟ್ಟಬಾರದು, ತಂಗಿ."

ಆಗಲೂ ಹೇಳಬಹುದಿತ್ತು. ಏಳು ಸಲ ಮರೆತಿದ್ದಾರೆ ಎಂದು ಹೇಳಿದರೆ ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ ಎಂದುಕೊಂಡೆ. ಒಂದೇ ಸಲ ಅಂತ ಅಂದುಕೊಂಡಿರಲಿ, ಸ್ವಲ್ಪವಾದರೂ ಸಮಾಧಾನವಿರಲಿ ಎಂದು ಸುಮ್ಮನಿದ್ದೆ. ಆ ಒಂದೇ ಸಲಕ್ಕೆ ಅವರು ಆಸ್ಪತ್ರೆಗೆ ರಾಜೀನಾಮೆ ಬರೆದುಕೊಟ್ಟರು. ಬೇಡವೆಂದು ಎಷ್ಟು ಜನ ಹೇಳಿದರೂ ಕೇಳಲಿಲ್ಲ. ಮರುವರ್ಷ ಹ್ಯೂಸ್ಟನ್‌ನ ಮನೆ ಮಾರಿ ಮಗಳ ಹತ್ತಿರ ಶಿಫ್ಟ್ ಆದರು. ಕೆರೆಯ ಪಕ್ಕದ ಊರು. ಡಾಕ್ಟರು ದಂಡೆಯವರೆಗೆ ವಾಕ್ ಹೋಗಿ ಬರುತ್ತಾರೆ, ನೀರಿಗೆ ಕಾಲು ಕೂಡ ಇಡುವುದಿಲ್ಲ ಎಂದು ವೈನಿ ಫೋನಿನಲ್ಲಿ ಹೇಳುತ್ತಿದ್ದರು. ಕಾರು ಓಡಿಸುವುದನ್ನೂ ಬಿಟ್ಟರಂತೆ. ಒಲೆ ಆರಿಸಿದೆನಾ ಎಂದು ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಾರಂತೆ.

ಗ್ಯಾರೇಜಿನಲ್ಲಿ ನಾನು ಸುಣ್ಣವನ್ನೆಲ್ಲ ತೆಗೆದು ಡಬ್ಬ ಒರೆಸಿದೆ. ಮಷಿನ್ನನ್ನು ಹಾಗೆಯೇ ಕಾರಿಗೆ ಹಾಕಲು ಹೊರಟರೆ ಅವರು ತಡೆದರು. ಚೆಕ್ ಮಾಡದೆ ಕೊಡುವುದಿಲ್ಲ ಎಂದರು. ಬ್ಯಾಟರಿಯನ್ನೂ ಸುಣ್ಣವನ್ನೂ ತರಿಸಿ ಇಟ್ಟಿದ್ದರು. ಹೊಸ ಸುಣ್ಣ ತುಂಬಿ, ಮೇಜಿನ ಮೇಲೆ ನಿಲ್ಲಿಸಿ, ಕೊಳವೆಗಳನ್ನೆಲ್ಲ ಜೋಡಿಸಿದೆವು. ಹಳೆಯ ಕಾರ್ಡು ಇನ್ನೂ ಸೊಂಟದ ಪಟ್ಟಿಗೆ ನೇತಾಡುತ್ತಿತ್ತು. ನೀನೇ ಓದು ಎಂದರು. ನಾನು ಓದಿದೆ, ಕನ್ನಡದಲ್ಲಿ, ಆ ಬೇಸಿಗೆಯಲ್ಲಿ ಓದುತ್ತಿದ್ದ ಹಾಗೆ.

ಆಕ್ಸಿಜನ್ ಎಂದಾಗ ಅವರು ವಾಲ್ವನ್ನು ಪೂರ್ತಿ ತೆರೆದು, ಮೀಟರಿನ ಮುಳ್ಳು ನೋಡಿ, ಸಂಖ್ಯೆ ಹೇಳಿದರು. ಸಿಲಿಂಡರಿನಲ್ಲಿ ಅವತ್ತಿನ ಆಕ್ಸಿಜನ್ ಇನ್ನೂ ಉಳಿದಿತ್ತು. ದನಿಯಲ್ಲಿ ಹಳೆಯ ಗತ್ತು ಮರಳಿತ್ತು. ಉಳಿದದ್ದೆಲ್ಲ ಒಂದೊಂದಾಗಿ ಮುಗಿಯಿತು. ಕೊನೆಯ ಸಾಲು ಓದಿ ಕಾರ್ಡು ಕೆಳಗಿಟ್ಟೆ. ಅವರು ಸೊಸೆಯನ್ನೋ ಮಗಳನ್ನೋ ಹೊಗಳುವಂತೆ ನನ್ನ ಬೆನ್ನು ತಟ್ಟಿ, ಚಹಾ ಕುಡಿಯೋಣ ಎಂದರು. ಹಾಗೆನ್ನುತ್ತಿರುವಾಗಲೇ ಅವರ ಬಲಗೈ ತನ್ನಷ್ಟಕ್ಕೆ ತಾನೇ ಮಷಿನ್ನಿನ ಕಡೆ ಹೋಗಿ, ಸಲೀಸಾಗಿ, ಆಕ್ಸಿಜನ್ ವಾಲ್ವನ್ನು ಮುಚ್ಚಿತು. ಅವರ ಕಣ್ಣು ನನ್ನ ಮೇಲಿತ್ತು. ಮಷಿನ್ನಿನಿಂದ ಟಿಕ್ ಎಂಬ ಸದ್ದೊಂದೇ ಬಂತು.

ನನ್ನ ಕೈ ಕೂಡ ಹಳೆಯ ಚಾಳಿಯಂತೆ ಮುಂದಕ್ಕೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡೆ.

"ಡಾಕ್ಟ್ರೇ, ಈಗ ವಾಲ್ವ್ ಮುಚ್ಚಿದ್ರಿ ನೀವು" ಎಂದೆ.

ಅವರು ತಮ್ಮ ಕೈಯನ್ನು ನೋಡಿದರು. ವಾಲ್ವಿನ ಮೇಲೇ ಇತ್ತು ಅದು.

"ಆಪರೇಷನ್ ಥಿಯೇಟರಿನಾಗ ಹಿಂಗ ಮಾಡೂದು" ಎಂದರು ಮೆಲ್ಲಗೆ. ಅಲ್ಲಿ ಆಕ್ಸಿಜನ್ ಗೋಡೆಯ ಪೈಪಿನಿಂದ ಬರುತ್ತದೆ, ಸಿಲಿಂಡರ್ ಇರುವುದು ಆಪತ್ತಿಗೆ. ದಿನಾ ಬೆಳಿಗ್ಗೆ ಅದನ್ನು ತೆರೆದು, ಮುಳ್ಳು ನೋಡಿ, ಚೆಕ್ ಮುಗಿದ ಮೇಲೆ ಮುಚ್ಚಿಡಬೇಕು, ಇಲ್ಲದಿದ್ದರೆ ಗೊತ್ತಿಲ್ಲದೆ ಖಾಲಿಯಾಗುತ್ತದೆ. ಮೂವತ್ತೈದು ವರ್ಷ ಮುಚ್ಚಿದ ಕೈ. ಅವತ್ತು ದೋಣಿಯಲ್ಲಿ ಅವರು ಏನನ್ನೂ ಮರೆತಿರಲಿಲ್ಲ. ತಲೆ ಸರಿಯಾಗಿಯೇ ಇತ್ತು.

ಆಮೇಲೆ ಅವರು ನನ್ನ ಕೈ ನೋಡಿದರು, ಮುಂದಕ್ಕೆ ಬಂದು ಹಿಂದಕ್ಕೆ ಹೋದ ಕೈ. ಮೂವತ್ತೈದು ವರ್ಷ ಜನರ ಮುಖ ನೋಡಿಯೇ ಒಳಗಿನದನ್ನು ತಿಳಿದ ಡಾಕ್ಟರು. ಎಷ್ಟು ಸಲ ಎಂದು ಕೇಳಿದರು. ಏಳು ಎಂದೆ. ಯಾವಾಗಿನಿಂದ ಎಂದು ಕೇಳಿದರು. ಜೂನ್‌ನಿಂದ ಎಂದೆ. ಕ್ಷಮಿಸಿ ಎಂದೆ.

ಅವರು ಬೈಯಲಿಲ್ಲ. ವಾಲ್ವನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದು ಕೈಯನ್ನು ಅಲ್ಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಆವತ್ತ ಹೇಳಿದ್ದರ ಕೈಗೆ ಕಲಿಸ್ತಿದ್ದೆ" ಎಂದರು. "ಎರಡು ಶನಿವಾರ ಸಾಕಾಗ್ತಿತ್ತು."